‘ಶ್ವಾಸಕೋಶದಲ್ಲಿ ನೀರು’: ಎರಡು ಸ್ಥಿತಿಗಳಿಗೆ ಒಂದೇ ಮಾತು ಸಾಕೇ?

ತೀವ್ರ ನಿಗಾ ಘಟಕದಲ್ಲಿರುವ ರೋಗಿಗಳ ಮನೆಯವರಿಗಾಗಿ ಮಡಿಕೇರಿಯಲ್ಲಿ ಕನ್ನಡದ ಮಾಹಿತಿಪತ್ರವೊಂದನ್ನು ಸಿದ್ಧಪಡಿಸುವಾಗ ಎದ್ದಿರುವ ಪ್ರಶ್ನೆಯಿದು. ಹೃದಯದ ಬಲ ಕುಂದಿ ಶ್ವಾಸಕೋಶದ ಗಾಳಿಗೂಡುಗಳಲ್ಲೂ ಅವುಗಳ ಸುತ್ತಲೂ ಸೇರುವ ದ್ರವಕ್ಕೂ, ಶ್ವಾಸಕೋಶ ಮತ್ತು ಎದೆಗೂಡಿನ ನಡುವಿನ ಪೊರೆಗಳ ಮಧ್ಯೆ ನಿಲ್ಲುವ ದ್ರವಕ್ಕೂ ನಾವು ‘ಶ್ವಾಸಕೋಶದಲ್ಲಿ ನೀರು ತುಂಬಿದೆ’ ಎಂದೇ ಹೇಳುತ್ತೇವೆ. ಮೊದಲನೆಯದಕ್ಕೆ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಔಷಧ, ಆಮ್ಲಜನಕ, ಕೆಲವೊಮ್ಮೆ ಉಸಿರಾಟದ ಯಂತ್ರ ಬೇಕಾಗುತ್ತದೆ. ಎರಡನೆಯದು ಹೆಚ್ಚಿದ್ದರೆ ಸೂಜಿಯಿಂದಲೋ ನಳಿಕೆಯಿಂದಲೋ ಹೊರತೆಗೆಯುತ್ತಾರೆ. ‘ನೀರಿದ್ದರೆ ತೆಗೆದುಬಿಡಬಾರದೇ?’ ಎಂದು ಮನೆಯವರು ಕೇಳುವುದು ಸಹಜ. ಮೊದಲನೆಯ ಸ್ಥಿತಿಯಲ್ಲಿ ಸೂಜಿಗೆ ಸಿಗುವಂತೆ ನೀರು ನಿಂತಿರುವುದೇ ಇಲ್ಲ.

ಮಲಗಿರುವ ರೋಗಿಯ ಎಕ್ಸ್‌ರೇಯಲ್ಲಿ ಇವೆರಡೂ ಬಿಳಿ ಮಸುಕಾಗಿ ಕಂಡು ಗೊಂದಲವಾಗಬಹುದು. ಮಂಚದ ಬಳಿಗೇ ತಂದು ನೋಡುವ ಅಲ್ಟ್ರಾಸೌಂಡ್‌ನಲ್ಲಿ ಹಾಗಲ್ಲ. ಪಕ್ಕೆಲುಬುಗಳ ನಡುವೆ ಪ್ರೋಬ್ ಇಟ್ಟಾಗ, ದ್ರವ ಶ್ವಾಸಕೋಶದ ಒಳಗೇ ಸೇರಿದ್ದರೆ, ಪೊರೆಯ ಗೆರೆಯಿಂದ ಪರದೆಯ ತಳದವರೆಗೆ ಇಳಿಯುವ ಬೆಳ್ಳನೆಯ ಗೆರೆಗಳು ಉಸಿರಿನೊಂದಿಗೆ ಅತ್ತಿತ್ತ ಸರಿಯುತ್ತವೆ. ವೈದ್ಯರು ಇವನ್ನು ಬಿ-ಲೈನ್ ಎನ್ನುತ್ತಾರೆ. ಒಂದೇ ಸಂದಿನಲ್ಲಿ 3 ಅಥವಾ ಹೆಚ್ಚು ಕಂಡರೆ ಅದಕ್ಕೆ ಮಹತ್ವವಿದೆ, ಆದರೆ ನ್ಯುಮೋನಿಯಾದಲ್ಲೂ ಇವು ಕಾಣುವುದರಿಂದ ಉಳಿದ ಲಕ್ಷಣಗಳನ್ನೂ ನೋಡಲೇಬೇಕು. ಪೊರೆಗಳ ನಡುವಿನ ದ್ರವವಾದರೋ ವಪೆಯ (ಎದೆ ಮತ್ತು ಹೊಟ್ಟೆಗಳ ನಡುವಿನ ಸ್ನಾಯುಪದರ) ಮೇಲ್ಗಡೆ ಕಪ್ಪಾಗಿ ಕಾಣುತ್ತದೆ, ಅದರೊಳಗೆ ಶ್ವಾಸಕೋಶದ ಅಂಚು ಅಲುಗಾಡುತ್ತಿರುತ್ತದೆ. ಫ್ರಾನ್ಸಿನ ವೈದ್ಯ ಡೇನಿಯಲ್ ಲಿಶ್ಟೆನ್‌ಸ್ಟೈನ್ 2008ರಲ್ಲಿ ಪ್ರಕಟಿಸಿದ ‘ಬ್ಲೂ’ ಎಂಬ ಅಲ್ಟ್ರಾಸೌಂಡ್ ತಪಾಸಣೆಯ ಕ್ರಮವು ತೀವ್ರ ಉಸಿರಾಟದ ತೊಂದರೆಯ ಕಾರಣವನ್ನು ಇಂಥ ಗುರುತುಗಳಿಂದಲೇ ಪತ್ತೆಹಚ್ಚುತ್ತದೆ. ಪರದೆಯ ಮೇಲೆ ಇಷ್ಟು ಸ್ಪಷ್ಟವಾಗಿ ಬೇರೆಯಾದದ್ದನ್ನು ಮನೆಯವರಿಗೆ ಹೇಳುವಾಗ ಮತ್ತೆ ಒಂದೇ ಮಾತಿನಲ್ಲಿ ಕಲಸುವುದು ಸರಿಯಲ್ಲವೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಪೊರೆಗಳ ನಡುವಿನದಕ್ಕೆ ‘ನೀರು ಕಟ್ಟಿದೆ’ ಎಂದರೆ ಸಾಕು. ತೊಡಕಿರುವುದು ಒಳಗಿನ ದ್ರವಕ್ಕೆ. ಮಳೆಗಾಲದಲ್ಲಿ ಮಣ್ಣಿನ ಗೋಡೆ ನೀರು ಹೀರುವುದು ಬೇರೆ, ಅದರ ಬುಡದಲ್ಲಿ ನೀರು ನಿಲ್ಲುವುದು ಬೇರೆ ಎಂದು ವಿವರಿಸಿದರೆ ಇಲ್ಲಿಯವರಿಗೆ ಕೂಡಲೇ ತಿಳಿಯುತ್ತದೆ, ಆದರೆ ಕ್ರಿಯಾಪದ ಯಾವುದು? ‘ನೀರು ಇಂಗಿದೆ’ ಎಂದರೆ ನೀರು ಆರಿಹೋಯಿತು, ರೋಗಿ ಚೇತರಿಸಿಕೊಂಡರು ಎಂಬ ಅರ್ಥ ಬಂದೀತು. ‘ಜಿನುಗಿದೆ’ ಎಂಬುದು ಜಿನುಗು ಮಳೆಯನ್ನು ನೆನಪಿಸಿ, ಪ್ರಾಣಕ್ಕೆ ಸಂಚಕಾರ ತರಬಲ್ಲ ಸ್ಥಿತಿಯನ್ನು ಹಗುರಾಗಿಸುತ್ತದೆ. ‘ಊತ’ ಎಂದರೆ ಕಾಲಿನ ಬಾವು ಕಣ್ಣಿಗೆ ಕಟ್ಟುತ್ತದೆ.

ಸದ್ಯಕ್ಕೆ ‘ಶ್ವಾಸಕೋಶದ ಒಳಗೆಲ್ಲ ನೀರು ಒಸರಿದೆ’ ಎಂದು ಬರೆದಿದ್ದೇನೆ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಗಳನ್ನು ಮನೆಮಾತಾಗಿ ಉಳ್ಳವರೂ ಇಲ್ಲಿ ಆಸ್ಪತ್ರೆಯಲ್ಲಿ ಕನ್ನಡವನ್ನೇ ಓದುವುದರಿಂದ, ಪದ ಎಲ್ಲರಿಗೂ ನಿಲುಕಬೇಕು. ನಿಮ್ಮ ಕಡೆ ‘ಒಸರು’ ಎಂಬುದು ಗಾಯದ ಕೀವು, ರಕ್ತಗಳಿಗಷ್ಟೇ ಸಲ್ಲುತ್ತದೆಯೇ, ನೀರಿಗೂ ಸಹಜವಾಗಿ ಬಳಕೆಯಲ್ಲಿದೆಯೇ? ಇದಕ್ಕಿಂತ ಒಪ್ಪುವ ಕ್ರಿಯಾಪದ ನಿಮ್ಮ ಆಡುಮಾತಿನಲ್ಲಿದ್ದರೆ, ಅದನ್ನು ಬಳಸುವ ಒಂದು ಪೂರ್ಣ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.