ಮುಂಬೈ ಕಡೆಯ ಕನ್ನಡಿಗರ ಗುಂಪಿನ ಪ್ರಶ್ನೋತ್ತರ: ಸಹಿ ಹಾಕಿದ್ದಾರೆ, ಯಾವುದಕ್ಕೆಂದು ಗೊತ್ತಿಲ್ಲ

ಡೊಂಬಿವಲಿ ಸದಸ್ಯೆ: ಡಾಕ್ಟರೇ, ನಮಸ್ಕಾರ. ಅತ್ತೆಗೆ 68 ವರ್ಷ, ಊರು ಗದಗ. ಗುರುವಾರ ಪಿತ್ತಕೋಶದ ದುರ್ಬೀನು ಆಪರೇಷನ್ (ಸಣ್ಣ ತೂತುಗಳಿಂದ ಮಾಡುವ ಲ್ಯಾಪರೊಸ್ಕೋಪಿ). ಒಪ್ಪಿಗೆ ಪತ್ರ ಮರಾಠಿಯಲ್ಲಿತ್ತು, ನಮ್ಮ ಯಜಮಾನರು ಬೆರಳಿಟ್ಟ ಕಡೆ ಅತ್ತೆ ಸಹಿ ಹಾಕಿದರು. ರಾತ್ರಿ ರೊಟ್ಟಿ ತಟ್ಟುತ್ತಾ "ನಾಲ್ಕು ಕಲ್ಲು ತೆಗೆದು ಹೊಲಿಗೆ ಹಾಕುತ್ತಾರಂತೆ" ಎಂದರು. ಅಷ್ಟೇ ಅಲ್ಲವೆಂದು ನನ್ನ ನೆನಪು.

ಡಾಕ್ಟರ್: ನಿಮ್ಮ ನೆನಪು ಸರಿ. ಕಲ್ಲಷ್ಟೇ ತೆಗೆದರೆ ಮತ್ತೆ ಕಟ್ಟುತ್ತದೆ, ಆದ್ದರಿಂದ ಪಿತ್ತಕೋಶವನ್ನೇ ತೆಗೆಯುತ್ತಾರೆ. ಪಿತ್ತ ತಯಾರಾಗುವುದು ಯಕೃತ್ತಿನಲ್ಲಿ, ಅದಕ್ಕೇನೂ ಆಗುವುದಿಲ್ಲ. ಒಳಗೆ ಅಂಟಿಕೊಂಡಿದ್ದರೆ ದುರ್ಬೀನು ಬಿಟ್ಟು ಹೊಟ್ಟೆ ತೆರೆಯಬೇಕಾದೀತು. ಅಪರೂಪಕ್ಕೆ ಪಿತ್ತನಾಳಕ್ಕೆ ಪೆಟ್ಟಾಗುವುದುಂಟು. ಎಚ್ಚರವಾದಾಗ ಬಲಪಕ್ಕೆಯ ಕೆಳಗೆ ಉದ್ದದ ಗಾಯ ಕಂಡು ಅವರು ಕಂಗಾಲಾದಾರು ಎಂಬುದೇ ನನ್ನ ಚಿಂತೆ. ಗುರುವಾರಕ್ಕೆ ಮುಂಚೆ ಶಸ್ತ್ರವೈದ್ಯರ ಬಳಿ ಮತ್ತೆ ಕರೆದೊಯ್ಯಿರಿ, ಕನ್ನಡದಲ್ಲಿ ಹೇಳಲು ನೀವು ಜೊತೆಗಿರಿ. "ತಿಳಿಯಿತೇ?" ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. "ಊರಿನ ತಂಗಿಗೆ ಫೋನಿನಲ್ಲಿ ಏನೆಂದು ಹೇಳುತ್ತೀರಿ?" ಎಂದು ಕೇಳಿ. ತಪ್ಪಿದ್ದನ್ನಷ್ಟೇ ಮತ್ತೆ ಹೇಳಿ. ದಪ್ಪಕ್ಷರದಲ್ಲಿ ಮೂರು ಸಾಲು ಬರೆದು ದಿಂಬಿನ ಬಳಿ ಇಡಿ.

ಮುಲುಂಡ್ ಸದಸ್ಯ: ಸೇಬಿನ ರಸ, ಎಪ್ಸಮ್ ಉಪ್ಪು, ಆಲಿವ್ ಎಣ್ಣೆ, ನಿಂಬೆರಸ! ಕಲ್ಲು ತಾನಾಗಿಯೇ ಮಲದಲ್ಲಿ ಬೀಳುತ್ತದೆ. ಎಲ್ಲರಿಗೂ ಕಳುಹಿಸಿ.

ಡಾಕ್ಟರ್: ಮೂರನೆಯ ಸಲ ಹಾಕುತ್ತಿದ್ದೀರಿ. ಬೀಳುವ ಹಸಿರು ಉಂಡೆಗಳು ಕಲ್ಲಲ್ಲ, ಆ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು. ಅಳಿಸಿ.

ಘಾಟ್‌ಕೋಪರ್ ಸದಸ್ಯ: ಆಪರೇಷನ್‌ಗೆ ಮುಂಚೆ ಆಸ್ಪಿರಿನ್ ನಿಲ್ಲಿಸಬೇಕೇ?

ಡಾಕ್ಟರ್: ನಿನ್ನೆಯೂ ಹೇಳಿದೆ. ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಠಾಣೆ ಸದಸ್ಯ: ಇಷ್ಟೆಲ್ಲ ಹೇಳಿ ವಯಸ್ಸಾದವರನ್ನು ಹೆದರಿಸುವುದೇಕೆ? ಮಗ ಒಪ್ಪಿದರೆ ಸಾಲದೇ?

ಮಾಟುಂಗಾ ಸದಸ್ಯೆ: ಕೊಯ್ಯುವುದು ಮಗನ ಹೊಟ್ಟೆಯನ್ನೇ?

ಠಾಣೆ ಸದಸ್ಯ: ನಿಮ್ಮ ಮನೆಯಲ್ಲಿ ಹಿರಿಯರಿಲ್ಲ, ಅದಕ್ಕೇ ಈ ಮಾತು.

ಮಾಟುಂಗಾ ಸದಸ್ಯೆ: ಹಾಸಿಗೆ ಹಿಡಿದ ತಾಯಿಯನ್ನು ಹನ್ನೊಂದು ವರ್ಷ ನೋಡಿಕೊಂಡವಳು ನಾನು. ಆ ಮಾತು ಹಿಂದಕ್ಕೆ ತೆಗೆದುಕೊಳ್ಳಿ.



ಡಾಕ್ಟರ್: ಠಾಣೆಯವರೇ, ಸಮೀರಾ ಕೊಹ್ಲಿ ಪ್ರಕರಣ ಓದಿ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದಾಗ ತಾಯಿಯ ಒಪ್ಪಿಗೆ ಪಡೆದು ಮಗಳ ಗರ್ಭಕೋಶ ತೆಗೆದರು. ಅದು ಸಲ್ಲದೆಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ತಾಯಿಗೇ ಇಲ್ಲದ ಅಧಿಕಾರ ಮಗನಿಗೆ ಎಲ್ಲಿಂದ ಬಂತು?

ಡೊಂಬಿವಲಿ ಸದಸ್ಯೆ: ವೈದ್ಯರ ಬಳಿ ಹೋಗಿ ಬಂದೆವು. "ಚೀಲವನ್ನೇ ತೆಗೆಯುತ್ತಾರೆ, ಹೊಟ್ಟೆ ತೆರೆದರೂ ತೆರೆಯಬಹುದು" ಎಂದು ಅತ್ತೆಯೇ ತಂಗಿಗೆ ಹೇಳಿದರು. ಪಿತ್ತನಾಳದ್ದು ಮರೆತರು. ತುಪ್ಪ ತಿನ್ನಬಹುದೇ ಎಂದು ಕೇಳುತ್ತಿದ್ದಾರೆ.

ಡಾಕ್ಟರ್: ಪಿತ್ತನಾಳದ್ದನ್ನು ಬುಧವಾರ ಮತ್ತೆ ಹೇಳಿ. ತುಪ್ಪ ಮೊದಲ ಕೆಲವು ವಾರ ಕಡಿಮೆ, ಆಮೇಲೆ ಒಗ್ಗಿದಷ್ಟು.

ಮುಲುಂಡ್ ಸದಸ್ಯ: ನಮ್ಮ ಭಾವ ಆ ರಸ ಕುಡಿದೇ ಗುಣವಾದರು.

ಡಾಕ್ಟರ್: ಅವರ ಸ್ಕ್ಯಾನ್ ಹಾಕಿ. ಇಲ್ಲದಿದ್ದರೆ ಸುಮ್ಮನಿರಿ.