ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ವೈಫೈ ಪದೇ ಪದೇ ಕಡಿದುಹೋಗುತ್ತಿದೆ: ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಉಬುಂಟು ಇದೆ. ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂರಿಸಿದ ವೈಫೈ ಕಾರ್ಡಿನ ಮೂಲಕ ಇಂಟರ್ನೆಟ್ ಬಳಸುತ್ತೇನೆ. ಸುಮಾರು ಒಂದು ತಿಂಗಳಿನಿಂದ ಸಂಪರ್ಕ ದಿನಕ್ಕೆ ನಾಲ್ಕಾರು ಬಾರಿ ಕಡಿದುಹೋಗುತ್ತಿದೆ. ಕೆಲವೊಮ್ಮೆ ಅರ್ಧ ನಿಮಿಷದಲ್ಲಿ ತಾನಾಗಿಯೇ ಮರಳುತ್ತದೆ, ಕೆಲವೊಮ್ಮೆ ನಾನೇ ವೈಫೈ ಆಫ್ ಮಾಡಿ ಮತ್ತೆ ಆನ್ ಮಾಡಬೇಕಾಗುತ್ತದೆ. ಇದರ ಜೊತೆಗೆ ಬಹಳ ಹಿಂದಿನಿಂದಲೂ ಇನ್ನೊಂದು ಕಿರಿಕಿರಿ ಇದೆ: ಎಸ್‌ಎಸ್‌ಎಚ್ ಮೂಲಕ ಬೇರೊಂದು ಯಂತ್ರದಲ್ಲಿ ಕೆಲಸ ಮಾಡುವಾಗ, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಟೈಪ್ ಮಾಡಿದರೆ, ಮೊದಲ ಒಂದೆರಡು ಅಕ್ಷರಗಳು ಪರದೆಯ ಮೇಲೆ ತಡವಾಗಿ ಮೂಡುತ್ತವೆ.

ಅದೇ ಮೇಜಿನ ಮೇಲಿರುವ ಫೋನಿಗೆ ಯಾವ ತೊಂದರೆಯೂ ಇಲ್ಲ. ಸಿಗ್ನಲ್ ಚಿಹ್ನೆಯೂ ಪೂರ್ತಿ ತುಂಬಿಯೇ ಇರುತ್ತದೆ. ಹುಡುಕಿದಾಗ ಸಿಕ್ಕ ಪರಿಹಾರಗಳನ್ನೆಲ್ಲ ಒಂದಾದ ಮೇಲೊಂದು ಟರ್ಮಿನಲ್‌ಗೆ ಅಂಟಿಸಿ ನೋಡಿದ್ದೇನೆ: ಐಪಿವಿ6 ನಿಲ್ಲಿಸಿದೆ, ಡಿಎನ್‌ಎಸ್ (ಜಾಲತಾಣದ ಹೆಸರನ್ನು ಐಪಿ ವಿಳಾಸವಾಗಿಸುವ ಸೇವೆ) ಬದಲಿಸಿದೆ, ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿಗೆ 802.11ಎನ್ (ವೇಗದ ವೈಫೈ ವಿಧಾನ) ಬೇಡವೆನ್ನುವ ಆಯ್ಕೆಯನ್ನೂ ಸೇರಿಸಿದೆ. ಯಾವುದರಿಂದಲೂ ಗುಣ ಕಾಣಲಿಲ್ಲ. ಕಳೆದ ವಾರ ಒಂದು ಮುಖ್ಯ ವಿಡಿಯೊ ಸಭೆಯಿಂದ ಮೂರು ಸಲ ಹೊರಬಿದ್ದ ಮೇಲೆ, ಇದನ್ನು ಇನ್ನು ಹೀಗೇ ಬಿಡಲಾಗದು ಅನಿಸಿದೆ. ಕಾರ್ಡೇ ಕೆಟ್ಟಿದೆಯೇ, ಅಥವಾ ಲಿನಕ್ಸ್‌ನಲ್ಲಿ ಸರಿಪಡಿಸಬಹುದಾದ ದೋಷವೇ?

ಮೊದಲ ಉತ್ತರ

ಕಾರ್ಡ್ ಬದಲಿಸುವ ಮಾತು ಸದ್ಯಕ್ಕೆ ಬೇಡ. ಮೊದಲು ನೀವು ಸೇರಿಸಿದ್ದನ್ನೆಲ್ಲ ತೆಗೆದು ವ್ಯವಸ್ಥೆಯನ್ನು ಮೂಲಸ್ಥಿತಿಗೆ ತನ್ನಿ. ಅದರಲ್ಲೂ 802.11ಎನ್ ನಿಲ್ಲಿಸುವ ಆಯ್ಕೆ ಇದ್ದಷ್ಟು ದಿನ ಕಾರ್ಡ್ ಹಳೆಯ 54 ಮೆಗಾಬಿಟ್ ವೇಗದ ಮಿತಿಯಲ್ಲೇ ಇರುತ್ತದೆ. ಅದು ಪರಿಹಾರವಲ್ಲ, ರೋಗಲಕ್ಷಣವನ್ನು ಮುಚ್ಚುವ ಇನ್ನೊಂದು ಪದರ.

ಆಮೇಲೆ ಎರಡು ಟರ್ಮಿನಲ್ ತೆರೆದು, ಒಂದರಲ್ಲಿ ನಿಮ್ಮ ರೂಟರಿನ ವಿಳಾಸಕ್ಕೂ ಇನ್ನೊಂದರಲ್ಲಿ ಹೊರಗಿನ ಯಾವುದಾದರೂ ಐಪಿ ವಿಳಾಸಕ್ಕೂ ಪಿಂಗ್ (ಉತ್ತರ ಬರುತ್ತದೆಯೇ ಎಂದು ಪದೇ ಪದೇ ಕೇಳುವ ಆಜ್ಞೆ) ಹಚ್ಚಿ, ಅರ್ಧ ದಿನ ಹಾಗೆಯೇ ಬಿಡಿ. ಪಿಂಗ್‌ಗೆ ದೊಡ್ಡಕ್ಷರದ ಡಿ ಆಯ್ಕೆ ಕೊಟ್ಟರೆ ಪ್ರತಿ ಸಾಲಿನ ಮುಂದೆ ಸಮಯವೂ ದಾಖಲಾಗುತ್ತದೆ. ರೂಟರಿನಿಂದ ಉತ್ತರ ಸರಿಯಾಗಿ ಬರುತ್ತಿದ್ದು ಹೊರಗಿನದು ಮಾತ್ರ ನಿಂತರೆ ನಿಮ್ಮ ವೈಫೈನಲ್ಲಿ ದೋಷವಿಲ್ಲ, ತೊಂದರೆ ರೂಟರಿನಿಂದಾಚೆಗಿದೆ. ಎರಡೂ ಒಟ್ಟಿಗೆ ನಿಂತರೆ ಕಂಪ್ಯೂಟರಿಗೂ ರೂಟರಿಗೂ ನಡುವಿನ ಗಾಳಿಯಲ್ಲೋ ಕಾರ್ಡಿನಲ್ಲೋ ಡ್ರೈವರಿನಲ್ಲೋ ಹುಡುಕಬೇಕು. ಎರಡಕ್ಕೂ ಉತ್ತರ ಬರುತ್ತಿದ್ದು ಜಾಲತಾಣಗಳು ಮಾತ್ರ ತೆರೆಯದಿದ್ದರೆ ಆಗ ಡಿಎನ್‌ಎಸ್ ಬಗ್ಗೆ ಯೋಚಿಸಿ, ಅದಕ್ಕಿಂತ ಮೊದಲಲ್ಲ.

ಸಂಪರ್ಕ ಕಡಿದ ನಿಮಿಷದ ಲಾಗ್ ಕೂಡ ಬೇಕು. ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಆಜ್ಞೆಯಲ್ಲಿ ಕರ್ನಲ್ (ಲಿನಕ್ಸಿನ ತಿರುಳು), ನೆಟ್‌ವರ್ಕ್‌ಮ್ಯಾನೇಜರ್ (ಸಂಪರ್ಕಗಳನ್ನು ನಿಭಾಯಿಸುವ ಸೇವೆ) ಮತ್ತು ಡಬ್ಲ್ಯುಪಿಎ ಸಪ್ಲಿಕೆಂಟ್ (ವೈಫೈಗೆ ಗುರುತು ದೃಢಪಡಿಸುವ ಸೇವೆ) ಈ ಮೂರರ ಸಾಲುಗಳನ್ನು ಒಟ್ಟಿಗೆ ನೋಡಿ. 'ಡಿಸ್‌ಕನೆಕ್ಟೆಡ್' ಎಂಬ ಸಾಲಿನಲ್ಲಿ 'ರೀಸನ್' ಎಂದು ಒಂದು ಸಂಖ್ಯೆ ಇರುತ್ತದೆ. ಅದು 15 ಆಗಿದ್ದರೆ ಗೂಢಲಿಪಿಯ ಕೀಲಿಗಾಗಿ ನಡೆಯುವ ನಾಲ್ಕು ಹಂತಗಳ ವಿನಿಮಯ ಸಮಯದೊಳಗೆ ಮುಗಿದಿಲ್ಲ ಎಂದರ್ಥ. ಪಾಸ್‌ವರ್ಡ್ ಸರಿಯಿದ್ದರೂ ಕಂಪ್ಯೂಟರ್ ಮತ್ತೆ ಮತ್ತೆ ಕೇಳುವುದು ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ. ಅದು 4 ಆಗಿದ್ದು, ಪಕ್ಕದಲ್ಲಿ 'ಲೋಕಲಿ ಜನರೇಟೆಡ್' ಎಂದೂ ಇದ್ದರೆ, ರೂಟರ್ ನಿಮ್ಮನ್ನು ಹೊರಹಾಕಿಲ್ಲ. ರೂಟರ್ ತಾನಿದ್ದೇನೆಂದು ಆಗಾಗ ಸಾರುವ ಸಂಕೇತಗಳು, ಅಂದರೆ ಬೀಕನ್‌ಗಳು, ಕೇಳಿಸದೆ, ಅದು ಇಲ್ಲವೆಂದು ನಿಮ್ಮ ಕಂಪ್ಯೂಟರೇ ತೀರ್ಮಾನಿಸಿ ಕೈಬಿಟ್ಟಿದೆ. ಈ ಒಂದು ವ್ಯತ್ಯಾಸ ಗೊತ್ತಾದರೆ ಅರ್ಧ ಹುಡುಕಾಟ ಮುಗಿದಂತೆ.

ಪ್ರಶ್ನೆ ಕೇಳಿದವರ ಮರುಬರಹ

ನೀವು ಹೇಳಿದಂತೆ ಎಲ್ಲವನ್ನೂ ಮೂಲಸ್ಥಿತಿಗೆ ತಂದು ಎರಡು ದಿನ ದಾಖಲಿಸಿದೆ. ಎರಡೂ ಪಿಂಗ್‌ಗಳು ಒಟ್ಟಿಗೇ ನಿಲ್ಲುತ್ತಿವೆ. ಲಾಗಿನಲ್ಲಿ ಪ್ರತಿ ಸಲವೂ ಕಾರಣ ಸಂಖ್ಯೆ 4, ಜೊತೆಗೆ 'ಲೋಕಲಿ ಜನರೇಟೆಡ್'. ವೈಫೈ ಸ್ಥಿತಿ ತೋರಿಸುವ ಐಡಬ್ಲ್ಯು ಆಜ್ಞೆಯ ಪ್ರಕಾರ ಸಿಗ್ನಲ್ ಮೈನಸ್ 52 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸಿನಲ್ಲಿದೆ, ಆವರ್ತನ 2437 ಮೆಗಾಹರ್ಟ್ಸ್, ಅಂದರೆ 2.4 ಗಿಗಾಹರ್ಟ್ಸ್ ಪಟ್ಟಿ.

ಸಮಯಗಳನ್ನು ಸಾಲಾಗಿ ಬರೆದುಕೊಂಡಾಗ ನನಗೇ ಅಚ್ಚರಿಯಾದ ಒಂದು ಸಂಗತಿ ಕಾಣಿಸಿತು. ಎರಡೂ ದಿನ ಸಂಪರ್ಕ ಕಡಿದದ್ದೆಲ್ಲ ಬ್ಯಾಕಪ್ ನಡೆಯುತ್ತಿದ್ದ ಹೊತ್ತಿನಲ್ಲೇ. ಕಂಪ್ಯೂಟರಿನ ಹಿಂಭಾಗದ ನೀಲಿ ಪೋರ್ಟಿಗೆ ಒಂದು ಹೊರ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದೇನೆ. ಅದಕ್ಕೆ ದಿನಕ್ಕೆ ಕೆಲವು ಬಾರಿ ಕಡತಗಳು ತಾವಾಗಿಯೇ ನಕಲಾಗುತ್ತವೆ. ಆ ಡಿಸ್ಕ್ ತಂದದ್ದೂ ತಿಂಗಳ ಹಿಂದೆಯೇ. ಆದರೆ ಬ್ಯಾಕಪ್‌ನಲ್ಲಿ ಇಂಟರ್ನೆಟ್ಟಿನ ಬಳಕೆಯೇ ಇಲ್ಲವಲ್ಲ, ಇವೆರಡಕ್ಕೂ ಹೇಗೆ ಸಂಬಂಧ?

ಎರಡನೆಯ ಉತ್ತರ

ಸಂಬಂಧ ಖಂಡಿತ ಇದೆ, ಅದು ಲಿನಕ್ಸಿನದಲ್ಲ, ರೇಡಿಯೊ ತರಂಗಗಳದು. ನೀಲಿ ಪೋರ್ಟ್ ಸಾಮಾನ್ಯವಾಗಿ ಯುಎಸ್‌ಬಿ 3.0 ಪೋರ್ಟಿನ ಗುರುತು. ಯುಎಸ್‌ಬಿ 3.0 ತಂತಿಯಲ್ಲಿ ದತ್ತಾಂಶ ಸೆಕೆಂಡಿಗೆ 5 ಗಿಗಾಬಿಟ್ ದರದಲ್ಲಿ ಹರಿಯುತ್ತದೆ. ಆ ಸಂಕೇತದ ಶಕ್ತಿ ವಿಶಾಲವಾದ ಆವರ್ತನ ಪಟ್ಟಿಯಲ್ಲಿ ಹರಡಿಕೊಳ್ಳುವುದರಿಂದ, 2.4 ಗಿಗಾಹರ್ಟ್ಸ್ ವೈಫೈ ಪಟ್ಟಿಯೂ ಅದರೊಳಗೆ ಬರುತ್ತದೆ. ಕನೆಕ್ಟರ್, ಕೇಬಲ್ ಮತ್ತು ಡಿಸ್ಕಿನ ಪೆಟ್ಟಿಗೆಯಿಂದ ಅದು ಸೋರಿದಾಗ ಹತ್ತಿರದ ಆಂಟೆನಾಕ್ಕೆ ಗದ್ದಲವಾಗಿ ಕೇಳಿಸುತ್ತದೆ. ಗದ್ದಲ ವೈಫೈ ಪಟ್ಟಿಯ ಒಳಗೇ ಇರುವುದರಿಂದ ಅದನ್ನು ಸೋಸಿ ಬೇರ್ಪಡಿಸುವುದೂ ಆಗುವುದಿಲ್ಲ. ಇಂಟೆಲ್ ಸಂಸ್ಥೆ ಈ ವಿಷಯವನ್ನು ಅಳೆದು 2012ರಲ್ಲಿಯೇ ಒಂದು ತಾಂತ್ರಿಕ ವರದಿ ಪ್ರಕಟಿಸಿತ್ತು.

ನಿಮ್ಮ ಸಿಗ್ನಲ್ ಸಂಖ್ಯೆ ಚೆನ್ನಾಗಿದ್ದೂ ಸಂಪರ್ಕ ಕಡಿಯುವುದಕ್ಕೆ ಇದೇ ವಿವರಣೆ. ಮೈನಸ್ 52 ಎಂಬುದು ರೂಟರಿನ ದನಿ ಎಷ್ಟು ಜೋರಾಗಿದೆ ಎಂದು ಮಾತ್ರ ಹೇಳುತ್ತದೆ, ಸುತ್ತಲಿನ ಗದ್ದಲ ಎಷ್ಟಿದೆ ಎಂದು ಹೇಳುವುದಿಲ್ಲ. ಜಾತ್ರೆಯಲ್ಲಿ ಪಕ್ಕದಲ್ಲೇ ನಿಂತವರ ಮಾತೂ ಕೇಳಿಸದಂತಾಗುವುದಿಲ್ಲವೇ, ಹಾಗೆ. ಡೆಸ್ಕ್‌ಟಾಪ್‌ಗಳಲ್ಲಿ ಇದು ಹೆಚ್ಚಾಗಿ ಕಾಡುವುದಕ್ಕೆ ಕಾರಣವೂ ಕಣ್ಣೆದುರಿಗೇ ಇದೆ: ಕಾರ್ಡಿನ ಆಂಟೆನಾಗಳು ಇರುವುದು ಲೋಹದ ಪೆಟ್ಟಿಗೆಯ ಬೆನ್ನಿಗೆ, ಯುಎಸ್‌ಬಿ ಪೋರ್ಟುಗಳಿಂದ ಕೆಲವೇ ಅಂಗುಲ ಆಚೆಗೆ, ಬಹಳಷ್ಟು ಸಲ ಗೋಡೆಗೆ ಮುಖ ಮಾಡಿ. ನಿಮ್ಮ ಫೋನ್ ಬಹುಶಃ 5 ಗಿಗಾಹರ್ಟ್ಸ್‌ನಲ್ಲಿರಬೇಕು, ಅದಕ್ಕೇ ಅದಕ್ಕೆ ಏನೂ ಆಗುತ್ತಿಲ್ಲ.

ನನ್ನ ಮಾತನ್ನು ನಂಬುವ ಬದಲು ಪರೀಕ್ಷಿಸಿ ನೋಡಿ. ಐಡಬ್ಲ್ಯುನ 'ಸ್ಟೇಷನ್ ಡಂಪ್' ಎಂಬ ಆಯ್ಕೆಯಲ್ಲಿ ಮರುಪ್ರಯತ್ನಗಳು, ವಿಫಲ ರವಾನೆಗಳು ಮತ್ತು ಬೀಕನ್ ನಷ್ಟದ ಎಣಿಕೆ ಸಿಗುತ್ತದೆ (ಎಲ್ಲ ಡ್ರೈವರುಗಳೂ ಎಲ್ಲ ಎಣಿಕೆಗಳನ್ನು ಕೊಡುವುದಿಲ್ಲ). ಅದನ್ನು ನೋಡುತ್ತ ದೊಡ್ಡದೊಂದು ಕಡತವನ್ನು ಡಿಸ್ಕಿಗೆ ನಕಲಿಸಿ. ಆಮೇಲೆ ಅದೇ ಡಿಸ್ಕನ್ನು ಯುಎಸ್‌ಬಿ 2 ಪೋರ್ಟಿಗೆ ಹಾಕಿ ಮತ್ತೆ ನಕಲಿಸಿ. ನಕಲು ನಿಧಾನವಾದರೂ ವೈಫೈ ನೆಟ್ಟಗಿದ್ದರೆ ಕಾರಣ ಸಿಕ್ಕಿತು. ಪರಿಹಾರವೂ ಸರಳ: ಡಿಸ್ಕನ್ನು ಮುಂಭಾಗದ ಪೋರ್ಟಿಗೆ ಬದಲಿಸಿ, ಅಥವಾ ಆಂಟೆನಾಗಳನ್ನು ತಂತಿ ಸಹಿತದ ಕಾಂತದ ಪೀಠಕ್ಕೆ ಹಾಕಿ ಮೇಜಿನ ಮೇಲಿಡಿ, ಅಥವಾ ಸಂಪರ್ಕವನ್ನೇ 5 ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿ. ಮೂರನೆಯದಕ್ಕೆ ನೆಟ್‌ವರ್ಕ್‌ಮ್ಯಾನೇಜರಿನ ಆ ಸಂಪರ್ಕದ ಸಂಪಾದನೆಯಲ್ಲಿ 'ಬ್ಯಾಂಡ್' ಎಂಬ ಆಯ್ಕೆ ಇದೆ.

ಮೂರನೆಯ ಉತ್ತರ

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ, ಆದರೆ 5 ಗಿಗಾಹರ್ಟ್ಸ್‌ಗೆ ಹೋಗುವವರು ಚಾನೆಲ್ ಸಂಖ್ಯೆಯನ್ನೂ ನೋಡಲೇಬೇಕು. 52ರಿಂದ 144ರವರೆಗಿನ ಚಾನೆಲ್‌ಗಳನ್ನು ಬಹುತೇಕ ದೇಶಗಳಲ್ಲಿ ರೇಡಾರ್‌ಗಳೊಂದಿಗೆ ಹಂಚಿಕೊಳ್ಳಬೇಕಾಗುತ್ತದೆ. ಅಲ್ಲಿ ರೇಡಾರ್ ಸುಳಿವು ಸಿಕ್ಕಿದೊಡನೆ ರೂಟರ್ ಆ ಚಾನೆಲ್ ತೊರೆಯಲೇಬೇಕೆಂಬ ನಿಯಮವಿದೆ, ಮತ್ತು ಅಂಥ ಇನ್ನೊಂದು ಚಾನೆಲ್ ಹಿಡಿಯುವ ಮೊದಲು ಕನಿಷ್ಠ 60 ಸೆಕೆಂಡು ಸುಮ್ಮನೆ ಆಲಿಸಬೇಕು. ಒಂದು ಕಡಿತವನ್ನು ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದಕ್ಕೆ ಸಿಕ್ಕಿಕೊಳ್ಳಬೇಡಿ. 36, 40, 44, 48 ಈ ನಾಲ್ಕಕ್ಕೆ ಆ ಕಟ್ಟಳೆ ಇಲ್ಲ.

ಇನ್ನು ನಿಮ್ಮ ಎಸ್‌ಎಸ್‌ಎಚ್ ತೊಂದರೆ. ಅದಕ್ಕೂ ಡಿಸ್ಕಿಗೂ ಸಂಬಂಧವಿದೆ ಎಂದು ನನಗೆ ಅನಿಸುವುದಿಲ್ಲ. ಸುಮ್ಮನಿದ್ದು ಟೈಪ್ ಮಾಡಿದಾಗ ಮಾತ್ರ ತಡವಾಗುತ್ತದೆ ಎಂದಿರಿ, ಅದು ವಿದ್ಯುತ್ ಉಳಿತಾಯದ ಗುರುತು. ಈ ಸ್ಥಿತಿಯಲ್ಲಿ ಕಾರ್ಡ್ ಬೀಕನ್‌ಗಳ ನಡುವೆ ನಿದ್ರಿಸುತ್ತದೆ, ಅದಕ್ಕೆ ಬರಬೇಕಾದ ದತ್ತಾಂಶದ ಪೊಟ್ಟಣಗಳನ್ನು (ಪ್ಯಾಕೆಟ್) ರೂಟರ್ ಅಲ್ಲಿಯವರೆಗೆ ತನ್ನಲ್ಲೇ ಹಿಡಿದಿಡುತ್ತದೆ. ಬೀಕನ್‌ಗಳ ಅಂತರ ಸಾಮಾನ್ಯವಾಗಿ 102.4 ಮಿಲಿಸೆಕೆಂಡು, ಬೆರಳಿಗೆ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಬ್ಯಾಟರಿಯೇ ಇಲ್ಲದ ಡೆಸ್ಕ್‌ಟಾಪ್‌ಗೆ ಈ ಉಳಿತಾಯದಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಉಬುಂಟುವಿನಲ್ಲಿ ನೆಟ್‌ವರ್ಕ್‌ಮ್ಯಾನೇಜರಿನ ಸಂರಚನಾ ಕಡತಗಳ ನಡುವೆ 'ಡೀಫಾಲ್ಟ್ ವೈಫೈ ಪವರ್‌ಸೇವ್ ಆನ್' ಎಂಬ ಹೆಸರಿನದೊಂದು ಇರುತ್ತದೆ, ಅದರಲ್ಲಿ ಮೌಲ್ಯ 3 ಎಂದಿರುತ್ತದೆ. ಅದನ್ನು 2 ಮಾಡಿ, ನೆಟ್‌ವರ್ಕ್‌ಮ್ಯಾನೇಜರನ್ನು ಮರುಚಾಲನೆ ಮಾಡಿ. ಇಲ್ಲಿ 2 ಎಂದರೆ ನಿಲ್ಲಿಸು, 3 ಎಂದರೆ ಹಚ್ಚು. 0 ಹಾಕಿದರೆ ನಿಲ್ಲುತ್ತದೆ ಎಂದು ಭಾವಿಸಿ ಕೈಸೋತವರು ಹಲವರಿದ್ದಾರೆ. ಐಡಬ್ಲ್ಯು ಮೂಲಕ ನೇರವಾಗಿಯೂ ನಿಲ್ಲಿಸಬಹುದು, ಆದರೆ ಅದು ಮುಂದಿನ ಬೂಟ್‌ವರೆಗೆ ಮಾತ್ರ.

ಕರ್ನಲ್ ನವೀಕರಣದ ನಂತರ ತೊಂದರೆ ಶುರುವಾಗಿದ್ದರೆ ಕಂಪ್ಯೂಟರ್ ಶುರುವಾಗುವಾಗ ಕಾಣುವ ಗ್ರಬ್ ಪಟ್ಟಿಯಿಂದ ಹಿಂದಿನ ಕರ್ನಲ್ ಆರಿಸಿ ಹೋಲಿಸಬೇಕಿತ್ತು; ನಿಮ್ಮ ದಾಖಲೆಯನ್ನು ನೋಡಿದರೆ ಅದರ ಅಗತ್ಯ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರ ಮರುಬರಹ

ಪರೀಕ್ಷೆ ಮಾಡಿದೆ. ನೀಲಿ ಪೋರ್ಟಿನಲ್ಲಿದ್ದಾಗ ನಕಲು ಶುರುವಾದ ಕೆಲವೇ ಸೆಕೆಂಡುಗಳಲ್ಲಿ, 3 ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ರೂಟರಿನ ಉತ್ತರ 400, 700 ಎಂದು ಏರಿ ನಡುನಡುವೆ ಬಾರದೆಯೂ ಹೋಯಿತು. ಸಿಗ್ನಲ್ ಸಂಖ್ಯೆ ಮಾತ್ರ ಮೈನಸ್ 52ರಿಂದ ಅಲುಗಾಡಲಿಲ್ಲ. ಯುಎಸ್‌ಬಿ 2 ಪೋರ್ಟಿನಲ್ಲಿ ಅದೇ ಕಡತ, ಅದೇ ಡಿಸ್ಕ್, ಒಂದು ಪೊಟ್ಟಣವೂ ಕಳೆಯಲಿಲ್ಲ. ಈಗ ಡಿಸ್ಕ್ ಮುಂಭಾಗದ ಪೋರ್ಟಿನಲ್ಲಿದೆ, ಸಂಪರ್ಕವನ್ನು 5 ಗಿಗಾಹರ್ಟ್ಸ್‌ನ 44ನೆಯ ಚಾನೆಲ್‌ಗೆ ಬದಲಿಸಿದ್ದೇನೆ. ಐದು ದಿನಗಳಿಂದ ಲಾಗಿನಲ್ಲಿ ಕಾರಣ ಸಂಖ್ಯೆ 4 ಒಮ್ಮೆಯೂ ಕಂಡಿಲ್ಲ.

ವಿದ್ಯುತ್ ಉಳಿತಾಯವನ್ನು ಬೇಕೆಂದೇ ಆ ಐದು ದಿನ ಮುಟ್ಟದೆ ಬಿಟ್ಟಿದ್ದೆ, ಎರಡು ಬದಲಾವಣೆಗಳು ಒಂದಕ್ಕೊಂದು ಬೆರೆಯಬಾರದೆಂದು. ಅಕ್ಷರಗಳು ತಡವಾಗುವುದು ಹಾಗೆಯೇ ಉಳಿದಿತ್ತು. ಇಂದು ಬೆಳಿಗ್ಗೆ ಮೌಲ್ಯವನ್ನು 2 ಮಾಡಿದೆ, ಈ ಸಾಲುಗಳನ್ನು ಎಸ್‌ಎಸ್‌ಎಚ್ ಕಿಟಕಿಯಲ್ಲೇ ಬರೆಯುತ್ತಿದ್ದೇನೆ, ಬೆರಳು ಒತ್ತಿದೊಡನೆ ಅಕ್ಷರ ಮೂಡುತ್ತಿದೆ. ಮೂವರಿಗೂ ಮನಸಾರೆ ಧನ್ಯವಾದಗಳು.