ಹಳೆಯ ಎಂಜಿಬಿ ಕಾರು: ಕೊಳ್ಳುವ ಮುನ್ನ ಏನು ನೋಡಬೇಕು, ಕೊಂಡ ಮೇಲೆ ಏನು ಮಾಡಬೇಕು? (ಪ್ರಶ್ನೋತ್ತರ)

ಪ್ರಶ್ನೆ (ಕವೆಂಟ್ರಿಯಿಂದ):
ಎಲ್ಲರಿಗೂ ನಮಸ್ಕಾರ. ಎಂಜಿಬಿ ರೋಡ್‌ಸ್ಟರ್ (ಮೇಲ್ಛಾವಣಿ ಬಿಚ್ಚುವ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ತಗೋಬೇಕು ಅಂತಿದೀನಿ. ಕೈಯಲ್ಲಿ 9,000 ಪೌಂಡ್ ಇದೆ. ಕ್ರೋಮ್ ಬಂಪರಿಂದು ಬೆಲೆ ಜಾಸ್ತಿ, ರಬ್ಬರ್ ಬಂಪರಿಂದು ಕಡಿಮೆ. ಯಾವ ವರ್ಷದ್ದು ನೋಡಲಿ? ಆಯಿಲ್, ಪ್ಲಗ್, ಬ್ರೇಕ್ ಪ್ಯಾಡ್ ಇಷ್ಟು ನಾನೇ ಮಾಡ್ಕೋತೀನಿ. ವೆಲ್ಡಿಂಗ್ ಬರಲ್ಲ.

ಉತ್ತರ (ಹಳೆ ಕಾರುಗಳ ಮೆಕ್ಯಾನಿಕ್):
ವೆಲ್ಡಿಂಗ್ ಬರಲ್ಲ ಅಂದಿರಲ್ಲ, ಅಲ್ಲಿಗೆ ಅರ್ಧ ತೀರ್ಮಾನ ಆಯಿತು. ಎಂಜಿಬಿಯಲ್ಲಿ ದುಡ್ಡು ನುಂಗುವುದು ಬಾಡಿ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ವೈರಿಂಗ್ ಎಲ್ಲಕ್ಕೂ ಬಿಡಿಭಾಗ ಇವತ್ತಿಗೂ ಹೊಸದಾಗಿ ಸಿಗುತ್ತವೆ, ಬೆಲೆಯೂ ಹೆಚ್ಚಿಲ್ಲ. ಹಾಗಾಗಿ ಎಂಜಿನ್ ಸುಮಾರಾಗಿದ್ದು ಬಾಡಿ ಗಟ್ಟಿಯಿರುವ ಕಾರು ತಗೊಳ್ಳಿ. ಹೊಳೆಯುವ ಬಣ್ಣ, ಹೊಸ ಲೆದರ್ ಸೀಟು, ಕೆಳಗೆ ತುಕ್ಕು ಇರುವುದನ್ನು ಬಿಡಿ.

ವರ್ಷದ ಲೆಕ್ಕ ಹೀಗಿದೆ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು ಇದು. ನಾಲ್ಕು ಸಿಲಿಂಡರಿನ ಎಂಜಿನ್ ಉದ್ದಕ್ಕೂ 1798 ಸಿಸಿ. 1964ರ ಕೊನೆಯಲ್ಲಿ ಕ್ರ್ಯಾಂಕ್‌ಗೆ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ) ಮೂರರ ಬದಲು ಐದು ಮೇನ್ ಬೇರಿಂಗ್ ಬಂದವು, ಎಂಜಿನ್ನಿನ ಕೆಳಭಾಗ ಗಟ್ಟಿಯಾಯಿತು. 1967ರ ಕೊನೆಗೆ ಮೊದಲ ಗೇರಿಗೂ ಸಿಂಕ್ರೊಮೆಶ್ (ಗೇರ್ ಕರಕರ ಅನ್ನದೆ ಕೂರುವ ವ್ಯವಸ್ಥೆ), ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ಜಾಗಕ್ಕೆ ಆಲ್ಟರ್ನೇಟರ್, ಪಾಸಿಟಿವ್ ಅರ್ತಿಂಗ್ ಜಾಗಕ್ಕೆ ನೆಗೆಟಿವ್ ಅರ್ತಿಂಗ್ (ಅಂದರೆ ಬಾಡಿಗೆ ಸೇರುವುದು ಬ್ಯಾಟರಿಯ ನೆಗೆಟಿವ್ ತುದಿ). ದಿನಬಳಕೆಗೆ ಹತ್ತಿರವಾದ ಬಳಕೆಗಾದರೆ 1968ರಿಂದ 1974ರ ನಡುವಿನದು ನನ್ನ ಆಯ್ಕೆ.

1974ರ ಕೊನೆಯ ಭಾಗದಲ್ಲಿ ಅಮೆರಿಕದ ನಿಯಮಕ್ಕೆ ತಕ್ಕಂತೆ ಕಪ್ಪು ರಬ್ಬರ್ ಬಂಪರ್ ಹಾಕಿ ಕಾರನ್ನು ಸುಮಾರು ಒಂದೂವರೆ ಇಂಚು ಎತ್ತರಿಸಿದರು. ತಿರುವಿನಲ್ಲಿ ಓಲಾಡುತ್ತದೆ ಎಂಬ ದೂರು ಬಂದದ್ದು ಆ ಮೊದಲೆರಡು ವರ್ಷದ ಕಾರುಗಳ ಮೇಲೆ. 1977ರ ಮಾಡೆಲ್‌ನಿಂದ ಹಿಂದೆ ಮುಂದೆ ಎರಡೂ ಕಡೆ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ವಾಲದಂತೆ ತಡೆಯುವ ಸರಳು) ಬಂದು ಸರಿಹೋಯಿತು, ರೇಡಿಯೇಟರಿಗೆ ಎಲೆಕ್ಟ್ರಿಕ್ ಫ್ಯಾನೂ ಬಂತು. ರಬ್ಬರ್ ಬಂಪರ್ ಅಂದರೆ ಮೂಗು ಮುರಿಯುವವರು ಬಹಳ. ಅದರಿಂದ ನಿಮಗೇ ಲಾಭ. 9,000ಕ್ಕೆ ಗಟ್ಟಿ ಬಾಡಿಯ 1977–80ರ ಕಾರು ಸಿಗುವ ಸಾಧ್ಯತೆ, ಅದೇ ದುಡ್ಡಿಗೆ ಗಟ್ಟಿ ಬಾಡಿಯ ಕ್ರೋಮ್ ಕಾರು ಸಿಗುವುದಕ್ಕಿಂತ ಹೆಚ್ಚು.

ಮೇಲ್ಛಾವಣಿ ಬಿಚ್ಚಲೇಬೇಕು ಅನ್ನುವ ಹಟ ಇಲ್ಲದಿದ್ದರೆ ಜಿಟಿಯನ್ನೂ ನೋಡಿ, ಅದು ಇದೇ ಕಾರಿನ ಮುಚ್ಚಿದ ಮಾದರಿ. ಉಕ್ಕಿನ ಟಾಪ್ ಇರುವುದರಿಂದ ಬಾಡಿ ಬಿಗಿ, ಬೆಲೆ ಕಡಿಮೆ.

ಪ್ರಶ್ನೆ (ಅದೇ ಸದಸ್ಯರು):
ಧನ್ಯವಾದ ಸರ್. ಬಾಡಿ ಗಟ್ಟಿ ಇದೆಯೋ ಇಲ್ಲವೋ ಅಂತ ನನ್ನಂಥವನು ಹೇಗೆ ತಿಳ್ಕೋಬೇಕು? ಎಲ್ಲರೂ "ಸಿಲ್ ನೋಡು" ಅಂತಾರೆ, ಸಿಲ್‌ನಲ್ಲಿ ಏನು ನೋಡೋದು?

ಉತ್ತರ (ಬಾಡಿ ರಿಪೇರಿ ಮತ್ತು ವೆಲ್ಡಿಂಗ್ ಮಾಡುವವರು):
ಎಂಜಿಬಿಗೆ ಪ್ರತ್ಯೇಕ ಚಾಸಿ (ಭಾರ ಹೊರುವ ಚೌಕಟ್ಟು) ಇಲ್ಲ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್‌ಗಳೇ ರೋಡ್‌ಸ್ಟರಿನ ಬೆನ್ನೆಲುಬು. ಹೊರಗೆ ಕಾಣುವ ತಗಡು ಒಂದು, ಒಳಗಿನದು ಒಂದು, ಇವೆರಡರ ನಡುವೆ ನಿಲ್ಲಿಸಿದ ತಗಡು ಇನ್ನೊಂದು. ಕೆಳಗೆ ಇವನ್ನೆಲ್ಲ ಹಿಡಿದಿರುವುದು ಕ್ಯಾಸಲ್ ರೈಲ್ ಎಂಬ ಉದ್ದನೆಯ ತಗಡಿನ ಪಟ್ಟಿ. ಮುಂದಿನ ಚಕ್ರದ ಹಿಂದೆ ಒಂದು ತಡೆ ತಗಡಿದೆ. ಅದರ ಅಂಚಿನ ರಬ್ಬರ್ ಒಣಗಿ ಬಿರಿದರೆ ರಸ್ತೆಯ ಕೆಸರು, ಚಳಿಗಾಲದಲ್ಲಿ ಸುರಿಯುವ ಉಪ್ಪು ಎರಡೂ ಒಳಗೆ ಸೇರಿ ಸಿಲ್‌ನ ಮುಂದಿನ ತುದಿಯಲ್ಲಿ ಕೂರುತ್ತವೆ. ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಹೊರಗೆ ಒಂದು ಗುಳ್ಳೆ ಕಂಡಿತು ಅಂದರೆ ಒಳಗಿನ ತಗಡು ಆಗಲೇ ಹೋಗಿದೆ ಎಂದೇ ತಿಳಿಯಿರಿ.

ಮೋಸ ನಡೆಯುವುದೂ ಇಲ್ಲೇ. ಸಿಲ್‌ನ ಎರಡು ತುದಿ ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡ್ ತಗಡಿನ ಕೆಳಗೆ ಹೊಕ್ಕಿರುತ್ತವೆ. ಸರಿಯಾಗಿ ಬದಲಿಸಬೇಕಾದರೆ ಆ ತಗಡುಗಳ ಕೆಳಅಂಚನ್ನು ಕತ್ತರಿಸಲೇಬೇಕು, ಮತ್ತೆ ಬಣ್ಣ ಹೊಡೆಯಲೇಬೇಕು. ಆ ಖರ್ಚು ಬೇಡವೆನ್ನುವವರು ಕೊಳೆತ ಸಿಲ್ ಮೇಲೆಯೇ ಕವರ್ ಸಿಲ್ ಹೊದಿಸಿ ಬೆಸುಗೆ ಹಾಕುತ್ತಾರೆ. ನೋಡಲು ಹೊಸದು, ಒಳಗೆ ಟೊಳ್ಳು. ಪತ್ತೆ ಹಚ್ಚಲು ಕಾರಿನ ಕೆಳಗೆ ಟಾರ್ಚ್ ಹಿಡಿದು ಮಲಗಿ. ಹೊರಸಿಲ್ ಬಂದು ಕ್ಯಾಸಲ್ ರೈಲ್ ಸೇರುವ ಅಂಚು ತೆಳ್ಳಗೆ, ನೇರವಾಗಿ, ಚುಕ್ಕೆ ಬೆಸುಗೆಯ ಗುರುತು ಇರುವಂತೆ ಇರಬೇಕು. ಅಂಚು ದಪ್ಪಗಿದ್ದರೆ, ಕಪ್ಪು ಅಂಡರ್‌ಸೀಲ್ (ತುಕ್ಕು ತಡೆಯಲು ಬಳಿಯುವ ಲೇಪ) ಹೊಸದಾಗಿ ಮೆತ್ತಿದ್ದರೆ, ಕ್ಯಾಸಲ್ ರೈಲ್ ಕಾಣದೇ ಇದ್ದರೆ ಅಲ್ಲಿಗೇ ಎದ್ದು ಕೈ ಒರೆಸಿಕೊಳ್ಳಿ.

ಬಾಗಿಲ ಪರೀಕ್ಷೆ ಇನ್ನೂ ಸುಲಭ. ಮೊದಲು ಬಾಗಿಲ ಸುತ್ತಲಿನ ಸಂದು ನೋಡಿ. ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಬಾಡಿ ನಡುವಿನಲ್ಲಿ ಜಗ್ಗಿದೆ. ಆಮೇಲೆ ಮಾರುವವರ ಒಪ್ಪಿಗೆ ಕೇಳಿ, ಸಿಲ್‌ನ ಜಾಕಿಂಗ್ ಪಾಯಿಂಟಿಗೆ ಜಾಕ್ ಕೊಟ್ಟು ಆ ಬದಿಯನ್ನು ನಿಧಾನವಾಗಿ ಎತ್ತಿಸಿ, ಕೆಳಗೆ ಯಾರೂ ಇರಬಾರದು. ಎತ್ತಿದ ಮೇಲೂ ಬಾಗಿಲು ಮೊದಲಿನಷ್ಟೇ ಸಲೀಸಾಗಿ ತೆರೆದು ಮುಚ್ಚಬೇಕು. ಬಾಗಿಲು ಕಚ್ಚಿಕೊಂಡರೆ, ಜಾಕ್ ಒಳಕ್ಕೆ ಕುಸಿದು ಕರಕರ ಸದ್ದು ಬಂದರೆ, ಅಥವಾ ಮಾರುವವರು "ಅಲ್ಲಿಗೆ ಜಾಕ್ ಬೇಡ" ಅಂದರೆ ಉತ್ತರ ಸಿಕ್ಕಿತು.

ಮಿಕ್ಕ ಜಾಗಗಳು: ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆಗಳು, ಹಿಂದಿನ ಲೀಫ್ ಸ್ಪ್ರಿಂಗ್ ಕಟ್ಟಿರುವ ತುದಿಗಳು, ಕಾಲಿಡುವ ತಳ, ಹಿಂದಿನ ಚಕ್ರದ ಕಮಾನು. ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇರಲಿ, ತೆಳು ಬಟ್ಟೆ ಸುತ್ತಿ ಕಮಾನಿನ ಮೇಲೆ ಇಡಿ. ಅಂಟದೆ ಜಾರಿದರೆ ಅಲ್ಲಿರುವುದು ಪುಟ್ಟಿ. ಪೆಟ್ರೋಲ್ ಟ್ಯಾಂಕ್ ಡಿಕ್ಕಿಯ ಅಡಿಯಲ್ಲಿ ನೇತಾಡುತ್ತದೆ. ಅದರ ನೆತ್ತಿಗೂ ಡಿಕ್ಕಿಯ ತಳಕ್ಕೂ ನಡುವೆ ಮಣ್ಣು ಕೂತು ಮೇಲಿನಿಂದಲೇ ತೂತು ಬೀಳುತ್ತದೆ. ಅರ್ಧ ಟ್ಯಾಂಕಿದ್ದಾಗ ಏನೂ ಗೊತ್ತಾಗುವುದಿಲ್ಲ, ತುಂಬಿಸಿದ ದಿನ ಮಾತ್ರ ವಾಸನೆ. ಇದಕ್ಕೆ ಹೆದರಬೇಡಿ, ಹೊಸ ಟ್ಯಾಂಕ್ ಸಿಗುತ್ತದೆ.

ಪ್ರಶ್ನೆ (ರೆಡಿಂಗ್‌ನಿಂದ):
ಓಡಿಸಿ ನೋಡುವಾಗ ಏನು ಗಮನಿಸಬೇಕು? ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಇಲ್ಲದಿದ್ದರೂ ನಡೆಯುತ್ತಾ?

ಉತ್ತರ (ಮೆಕ್ಯಾನಿಕ್):
ನೀವು ಹೋಗುವಾಗ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ. ಬಿಸಿ ಮಾಡಿಟ್ಟ ಎಂಜಿನ್ ಅನೇಕ ರೋಗ ಮುಚ್ಚಿಡುತ್ತದೆ. ಚೆನ್ನಾಗಿ ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಓಡುವಾಗ 50ರಿಂದ 80 ಪಿಎಸ್‌ಐ, ಐಡ್ಲಿಂಗ್‌ನಲ್ಲಿ 10ರಿಂದ 25 ಇರಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಗೈಡ್ ಸವೆದಿವೆ. ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಟಿಕಟಿಕ ಅನ್ನುವುದು ಈ ಎಂಜಿನ್ನಿನ ಸಹಜ ಸದ್ದು. ಸದ್ದೇ ಇಲ್ಲದಿದ್ದರೆ ಅದರ ಸಂದನ್ನು ಯಾರೋ ಬಿಗಿ ಮಾಡಿದ್ದಾರೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ವೈರ್ ವೀಲ್ (ಕಡ್ಡಿಗಳ ಚಕ್ರ) ಇದ್ದರೆ ಹಿಂದಿನ ಚಕ್ರ ಎತ್ತಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರವನ್ನು ಹಿಂದೆ ಮುಂದೆ ಅಲುಗಿಸಿ. ಹಬ್ (ಚಕ್ರ ಕೂರುವ ಭಾಗ) ನಿಂತೇ ಇದ್ದು ಚಕ್ರ ಮಾತ್ರ ಕಟಕ್ ಎಂದು ಆಡಿದರೆ ಎರಡನ್ನೂ ಕಚ್ಚಿಸುವ ಹಲ್ಲು ಸವೆದಿವೆ. ಚಕ್ರ ಮಾತ್ರ ಬದಲಿಸಿದರೆ ಸಾಲದು, ಹಬ್ಬೂ ಹೋಗಿರುತ್ತದೆ.

ಕ್ಲಚ್ ಜಾರುತ್ತಿದೆಯೇ ಎಂದು ಗಮನಿಸಿ, ಏಕೆಂದರೆ ಅದನ್ನು ಬದಲಿಸಲು ಎಂಜಿನ್ ಇಳಿಸಲೇಬೇಕು. ಕ್ಲಚ್ಚಿನ ರಿಲೀಸ್ ಬೇರಿಂಗ್ ಕಾರ್ಬನ್ನಿನದು, ಒತ್ತಿ ಹಿಡಿದಷ್ಟೂ ಸವೆಯುತ್ತದೆ. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿ ಹಿಡಿದು ನಿಲ್ಲುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಓವರ್‌ಡ್ರೈವ್ ಇರುವುದನ್ನೇ ತಗೊಳ್ಳಿ. ಗಂಟೆಗೆ 70 ಮೈಲಿಯಲ್ಲಿ ನಾಲ್ಕನೇ ಗೇರಿಗೆ ಸುಮಾರು 3,900 ಆರ್‌ಪಿಎಂ, ಓವರ್‌ಡ್ರೈವ್‌ನಲ್ಲಿ ಸುಮಾರು 3,200. ಮೋಟಾರ್‌ವೇನಲ್ಲಿ ಪಕ್ಕದವರ ಮಾತು ಕೇಳಿಸುವುದೋ ಇಲ್ಲವೋ ಅನ್ನುವುದು ಈ 700ರ ಮೇಲೆ ನಿಂತಿದೆ.

ಪ್ರಶ್ನೆ (ಲೀಡ್ಸ್‌ನಿಂದ):
ನಮ್ಮದು 1972ರ ಜಿಟಿ. ಹೊರಟು ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ಮಿಸ್ ಹೊಡೆದು ನಿಂತುಬಿಡುತ್ತೆ. ಕಾಲು ಗಂಟೆ ಬಿಟ್ಟರೆ ತಾನೇ ಸ್ಟಾರ್ಟ್. ಗ್ಯಾರೇಜಿನಲ್ಲಿ ಕಾರ್ಬುರೇಟರ್ ಬದಲಿಸಿ ಅಂತಿದ್ದಾರೆ.

ಉತ್ತರ (ಮೆಕ್ಯಾನಿಕ್):
ಕಾರ್ಬುರೇಟರ್‌ಗೆ ಕೈ ಹಾಕಿಸಬೇಡಿ ಮೇಡಂ. ನಿಂತ ಆ ಕ್ಷಣದಲ್ಲೇ ಮೂರು ಕೆಲಸ ಮಾಡಿ, ತಣ್ಣಗಾದ ಮೇಲೆ ಮಾಡಿದರೆ ಏನೂ ತಿಳಿಯದು.

ಮೊದಲು ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಹಿಂದಕ್ಕೆ ಕಿವಿಗೊಡಿ. ಎಸ್‌ಯು ಕಂಪನಿಯ ಪೆಟ್ರೋಲ್ ಪಂಪ್ ಟಕ್ ಟಕ್ ಎಂದು ಕೆಲವು ಬಾರಿ ಬಡಿದು ನಿಲ್ಲಬೇಕು. ಬಡಿಯದೇ ಇದ್ದರೆ ಪಂಪಿನ ಪಾಯಿಂಟ್ (ಕರೆಂಟು ಕೂಡಿಸಿ ಬಿಡಿಸುವ ತುದಿಗಳು) ಸುಟ್ಟಿವೆ ಅಥವಾ ಅರ್ತಿಂಗ್ ಸಡಿಲ. ನಿಲ್ಲದೆ ಬಡಿಯುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಪೆಟ್ರೋಲ್ ಎಲ್ಲೋ ಹರಿದುಹೋಗುತ್ತಿದೆ. ಎರಡನೆಯದು, ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಎಂದು ಗಾಳಿ ಒಳಗೆ ನುಗ್ಗಿದರೆ ಗಾಳಿಯ ದಾರಿ ಕಟ್ಟಿದೆ, ಟ್ಯಾಂಕಿನಲ್ಲಿ ನಿರ್ವಾತವಾಗಿ ಪೆಟ್ರೋಲ್ ಬರುತ್ತಿಲ್ಲ. ಮೂರನೆಯದು ಕಿಡಿ. ಒಂದು ಪ್ಲಗ್ ಬಿಚ್ಚಿ ವೈರಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಎಂಜಿನ್ನಿಗೆ ತಾಗಿಸಿಟ್ಟು (ಪ್ಲಗ್ಗಿನ ತೂತಿನಿಂದ ದೂರ, ಕೈಯಲ್ಲಿ ಹಿಡಿಯದೆ) ಸ್ಟಾರ್ಟರ್ ತಿರುಗಿಸಿ. ಕಿಡಿ ಇಲ್ಲದಿದ್ದರೆ ಅಥವಾ ಹಳದಿಯಾಗಿ ಸಣ್ಣಗಿದ್ದರೆ ಕಿಡಿ ಹುಟ್ಟಿಸಿ ಹಂಚುವ ಕಂಡೆನ್ಸರ್, ಕಾಯಿಲ್, ರೋಟರ್ ಆರ್ಮ್ ಈ ಮೂರರಲ್ಲೊಂದು ಕೆಟ್ಟಿದೆ.

ನೀವು ಹೇಳಿದ ಲಕ್ಷಣಕ್ಕೆ ನನ್ನ ಅನುಮಾನ ಕಂಡೆನ್ಸರ್ ಮೇಲೆ. ಬಿಸಿಯಾದಾಗ ಒಳಗೆ ಶಾರ್ಟ್ ಆಗುತ್ತದೆ, ತಣಿದಾಗ ಸರಿಯಾಗುತ್ತದೆ. ಈಗ ಬರುವ ಅಗ್ಗದ ಕಂಡೆನ್ಸರ್‌ಗಳು ಡಬ್ಬಿಯಿಂದ ತೆಗೆದ ದಿನವೇ ಹೋಗುವುದುಂಟು. ರೋಟರ್ ಆರ್ಮ್‌ನದೂ ಅದೇ ಕತೆ: ಹಿತ್ತಾಳೆ ತಗಡನ್ನು ಹಿಡಿದಿರುವ ರಿವೆಟ್ ಮೂಲಕ ಕರೆಂಟು ಒಳಗಿನ ಶಾಫ್ಟಿಗೆ ಹಾರುತ್ತದೆ. ರಿವೆಟ್ ಇಲ್ಲದ ಕೆಂಪು ಬಣ್ಣದ ರೋಟರ್ ಆರ್ಮ್ ಸಿಗುತ್ತದೆ, ಅದನ್ನೇ ಹಾಕಿ. ಎರಡರದ್ದೂ ಒಂದೊಂದು ಸ್ಪೇರ್ ಕಾರಿನಲ್ಲಿರಲಿ.

ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 0.35–0.40 ಮಿ.ಮೀ., ಪ್ಲಗ್ ಗ್ಯಾಪ್ 0.63 ಮಿ.ಮೀ.

ಪ್ರಶ್ನೆ (ಲೀಡ್ಸ್‌ನಿಂದಲೇ):
ಸರ್, ಕಂಡೆನ್ಸರೇ. ಬದಲಿಸಿದ ಮೇಲೆ ನಿಂತಿಲ್ಲ. ಈಗ ಎರಡು ಕಾರ್ಬುರೇಟರ್ ಟ್ಯೂನ್ ಮಾಡೋದು, ಯಾವ ಆಯಿಲ್ ಎಲ್ಲಿಗೆ ಅನ್ನೋದು ತಿಳಿಸಿ.

ಉತ್ತರ (ಮೆಕ್ಯಾನಿಕ್):
ಟ್ಯೂನಿಂಗ್‌ನಲ್ಲಿ ಕಾರ್ಬುರೇಟರ್ ಕಟ್ಟಕಡೆಗೆ. ಮೊದಲು ಟ್ಯಾಪೆಟ್ ಸಂದು (ತಣ್ಣಗಿರುವಾಗ 0.015 ಇಂಚು, ಅಂದರೆ 0.38 ಮಿ.ಮೀ.), ಆಮೇಲೆ ಪಾಯಿಂಟ್, ಆಮೇಲೆ ಟೈಮಿಂಗ್ (ಕಿಡಿ ಹಾರುವ ಸಮಯ). ಈ ಮೂರು ತಪ್ಪಿದ್ದರೆ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಏನೂ ಪ್ರಯೋಜನವಿಲ್ಲ.

ಎಂಜಿನ್ ಪೂರ್ತಿ ಬಿಸಿ ಮಾಡಿ, ಏರ್ ಫಿಲ್ಟರ್ ಬಿಚ್ಚಿ. ಎರಡು ಕಾರ್ಬುರೇಟರ್ ನಡುವಿನ ಕೊಂಡಿ ಸಡಿಲಿಸಿ, ಗಾಳಿ ಎಳೆಯುವ ಸದ್ದು ಎರಡರಲ್ಲೂ ಒಂದೇ ಸಮ ಆಗುವಂತೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ. ಕಿವಿಗೆ ರಬ್ಬರ್ ಕೊಳವೆಯ ತುಂಡು ಹಿಡಿದರೂ ಸಾಕು. ಆಮೇಲೆ ಒಂದೊಂದು ಕಾರ್ಬುರೇಟರಿನ ಪಿಸ್ಟನ್ನನ್ನು ಬದಿಯ ಪಿನ್ನಿನಿಂದ ಸುಮಾರು 1 ಮಿ.ಮೀ. ಎತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು. ತಕ್ಷಣ ಕುಸಿದರೆ ಪೆಟ್ರೋಲ್ ಕಡಿಮೆ. ಚೂರು ಏರಿ ಮತ್ತೆ ಮೊದಲಿನ ವೇಗಕ್ಕೆ ಬಂದರೆ ಸರಿ. ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಜೆಟ್ಟಿನ ನಟ್ ಆರು ಮುಖದ್ದಾದರೆ ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಿ. ಕೊನೆಗೆ ಕೊಂಡಿ ಬಿಗಿ ಮಾಡುವುದನ್ನು ಮರೆಯಬೇಡಿ.

ಡ್ಯಾಶ್‌ಪಾಟಿಗೆ (ಕಾರ್ಬುರೇಟರಿನ ಮೇಲಿನ ಎಣ್ಣೆಯ ಕೊಳವೆ) 20 ಗ್ರೇಡ್ ಎಣ್ಣೆ. ಅದರ ಮೇಲಿನ ಟೋಪಿ ಕೂರಲು ಇನ್ನೂ 6 ಮಿ.ಮೀ. ಇರುವಾಗ ಎಣ್ಣೆಯ ತಡೆ ಕೈಗೆ ಸಿಗಬೇಕು, ಅಷ್ಟೇ ಸಾಕು.

ಎಂಜಿನ್ನಿಗೆ 20ಡಬ್ಲ್ಯು-50 ಮಿನರಲ್ ಆಯಿಲ್, ಸತುವಿನ ಅಂಶ ಇರುವಂಥದ್ದು. ಹೊಸ ಕಾರಿನ ತೆಳು ಸಿಂಥೆಟಿಕ್ ಬೇಡ, ಸೀಲ್‌ಗಳಿಂದ ಸೋರುತ್ತದೆ. ವರ್ಷಕ್ಕೊಮ್ಮೆ ಅಥವಾ 3,000 ಮೈಲಿಗೆ ಬದಲಿಸಿ. ಗೇರ್‌ಬಾಕ್ಸಿಗೂ ಓವರ್‌ಡ್ರೈವ್‌ಗೂ ಅದೇ ಎಂಜಿನ್ ಆಯಿಲ್. ಗೇರ್ ಆಯಿಲ್ ಅಂತ ಇಪಿ90 ಅಲ್ಲಿಗೆ ಸುರಿದರೆ ಓವರ್‌ಡ್ರೈವ್ ಕೆಟ್ಟಂತೆಯೇ. ಇಪಿ90 ಹೋಗಬೇಕಾದದ್ದು ಹಿಂದಿನ ಆಕ್ಸಲ್‌ಗೆ. ಮುಂದಿನ ಕಿಂಗ್‌ಪಿನ್‌ಗೆ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಅಚ್ಚು) ಒಂದೊಂದು ಬದಿಗೆ ಮೂರು ಗ್ರೀಸ್ ನಿಪ್ಪಲ್ ಇವೆ. ಚಕ್ರ ಎತ್ತಿ, ಭಾರ ಇಳಿಸಿ ಗ್ರೀಸ್ ಹೊಡೆಯಿರಿ. ನೆಲದ ಮೇಲೆ ನಿಲ್ಲಿಸಿ ಹೊಡೆದರೆ ಭಾರ ಬೀಳುವ ಕಡೆಗೆ ಗ್ರೀಸ್ ಹೋಗುವುದಿಲ್ಲ.

ಬ್ರೇಕಿಗೆ ಡಾಟ್ 4 ದ್ರವ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಬ್ರೇಕ್ ಬಿಟ್ಟ ಮೇಲೂ ಒಂದು ಚಕ್ರ ಹಿಡಿದುಕೊಂಡಿದ್ದರೆ ಕ್ಯಾಲಿಪರ್ ಬಿಚ್ಚುವ ಮುನ್ನ ರಬ್ಬರ್ ಹೋಸ್ ಬದಲಿಸಿ ನೋಡಿ. ಹಳೆ ಹೋಸ್ ಒಳಗೇ ಊದಿ ದಾರಿ ಕಟ್ಟುತ್ತದೆ.

ಪೆಟ್ರೋಲ್ ಇ5 ಸೂಪರ್ (ಎಥೆನಾಲ್ ಶೇ. 5ರವರೆಗೆ) ಹಾಕಿಸಿ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಬ್ರಿಟನ್ನಿನಲ್ಲಿ ಮಾಮೂಲಿ ಪೆಟ್ರೋಲ್ ಇ10 (ಎಥೆನಾಲ್ ಶೇ. 10ರವರೆಗೆ). ಅದರ ಎಥೆನಾಲ್ ಹಳೆ ರಬ್ಬರ್ ಪೈಪನ್ನು ತಿನ್ನುತ್ತದೆ. ಎಂಜಿನ್ ಭಾಗದ ಪೈಪುಗಳನ್ನು ಆರ್9 ಎಂಬ ಗುರುತಿರುವುದಕ್ಕೆ ಬದಲಿಸಿ, ಬೆಂಕಿಯ ವಿಷಯದಲ್ಲಿ ಉಳಿತಾಯ ಬೇಡ.

ಪ್ರಶ್ನೆ (ಕವೆಂಟ್ರಿಯಿಂದ):
ಸರ್, ಒಂದು ಕಾರು ಸಿಕ್ಕಿದೆ. 1978ರ ರೋಡ್‌ಸ್ಟರ್, 7,500 ಪೌಂಡ್ ಕೇಳ್ತಿದ್ದಾರೆ. ಮೂರು ವರ್ಷದ ಹಿಂದೆ ಹೊಸ ಸಿಲ್ ಹಾಕಿಸಿದ್ದಾರಂತೆ. ಮೂರನೇ ಗೇರಲ್ಲಿ ಓವರ್‌ಡ್ರೈವ್ ಕೂರಲ್ಲ, ಅದಕ್ಕೆ ಬೆಲೆ ಕಡಿಮೆ ಅಂತಾರೆ. ಎಂಒಟಿ (ಇಲ್ಲಿನ ವಾರ್ಷಿಕ ವಾಹನ ತಪಾಸಣೆ) ಇಲ್ಲ, ಬೇಕಿಲ್ಲ ಅಂತಾರೆ.

ಉತ್ತರ (ಮೆಕ್ಯಾನಿಕ್):
ಆ ವರ್ಷದ ಕಾರಿನಲ್ಲಿ ಓವರ್‌ಡ್ರೈವ್ ಇರುವುದೇ ನಾಲ್ಕನೇ ಗೇರಿಗೆ ಮಾತ್ರ. ಹಳೆಯವುಗಳಲ್ಲಿ ಮೂರಕ್ಕೂ ಇತ್ತು. ನಾಲ್ಕರಲ್ಲಿ ಕೂರುತ್ತಿದ್ದರೆ ಅದು ಕೆಟ್ಟೇ ಇಲ್ಲ. ನಾಲ್ಕರಲ್ಲೂ ಕೂರದಿದ್ದರೆ ಗೇರ್ ನಾಬ್ ಒಳಗಿನ ಸ್ವಿಚ್ಚಿನ ವೈರ್ ಮೊದಲು ನೋಡಿ, ಲಿವರಿನೊಳಗೆ ಉಜ್ಜಿ ಉಜ್ಜಿ ತುಂಡಾಗುತ್ತದೆ. ಆಮೇಲೆ ಗೇರ್‌ಬಾಕ್ಸಿನ ಆಯಿಲ್ ಮಟ್ಟ.

ಎಂಒಟಿ ವಿಷಯ ನಿಜ: 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ಕಾರಿಗೆ ಕಡ್ಡಾಯವಿಲ್ಲ, ರಸ್ತೆ ತೆರಿಗೆಯೂ ಸೊನ್ನೆ (ಆದರೂ ಪ್ರತಿ ವರ್ಷ ಅರ್ಜಿ ಹಾಕಬೇಕು). ಆದರೆ ಕೊಳ್ಳುವ ಮುನ್ನ ನಿಮ್ಮ ಖರ್ಚಿನಲ್ಲೇ ಒಂದು ಎಂಒಟಿ ಮಾಡಿಸಲು ಒಪ್ಪುತ್ತಾರಾ ಕೇಳಿ. ರ‍್ಯಾಂಪ್ ಮೇಲೆ ಕಾರಿನ ತಳ ನೋಡಲು ಅದಕ್ಕಿಂತ ಅಗ್ಗದ ದಾರಿ ಇಲ್ಲ.

ಉತ್ತರ (ಬಾಡಿ ರಿಪೇರಿಯವರು):
ಸಿಲ್ ಕೆಲಸದ ಫೋಟೊ ಕೇಳಿ. ಬಾಗಿಲ ಜಾಗದಲ್ಲಿ ಅಡ್ಡಕ್ಕೆ ಕಬ್ಬಿಣದ ಆಧಾರ ಕಟ್ಟಿ, ಮಡ್‌ಗಾರ್ಡಿನ ಕೆಳಭಾಗ ಕತ್ತರಿಸಿದ ಚಿತ್ರ ಇರಬೇಕು. ಆಧಾರ ಕೊಡದೆ ಸಿಲ್ ಕತ್ತರಿಸಿದರೆ ಬಾಡಿ ಜಗ್ಗಿ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿ ಕೂರುವುದಿಲ್ಲ. ಫೋಟೊ, ಬಿಲ್ ಎರಡೂ ಇದ್ದು ಸಂದು ಸಮವಾಗಿದ್ದರೆ 7,500ಕ್ಕೆ ಹೋಗಿ ನೋಡಬಹುದು. ಎರಡೂ ಇಲ್ಲದಿದ್ದರೆ ಸಿಲ್ ಇನ್ನೂ ಆಗಬೇಕು ಎಂದೇ ಬೆಲೆ ಕಟ್ಟಿ. ಎರಡೂ ಬದಿ ಸರಿಯಾಗಿ ಮಾಡಿಸಿ ಬಣ್ಣ ಹೊಡೆಸುವಷ್ಟರಲ್ಲಿ ಕೆಲವು ಸಾವಿರ ಪೌಂಡ್ ಆಗುತ್ತದೆ. ಶನಿವಾರ ಹೋಗುವುದಾದರೆ ಹಳೆ ಬಟ್ಟೆ ಹಾಕಿಕೊಂಡು ಹೋಗಿ, ಮಳೆ ನಿಂತ ಮೇಲೆ ಕಾರ್ಪೆಟ್ ಎತ್ತಿ ತಳ ಮುಟ್ಟಿ ನೋಡಿ.